ಗುಲಾಬಿ ತೆಗೆಯಲು ಹೋಗಿ ಕಾಫಿ ಕಳೆದದ್ದು

ತಾತನ ಫೋನು ಮೊದಲ ಸಲ ಬಾಯಿಬಿಟ್ಟು ಮೆಸೇಜು ಓದಿದಾಗ ಮನೆಯವರೆಲ್ಲ ಹಾಲಿಗೆ ಬಂದು ನಿಂತಿದ್ದರು. ಅಮ್ಮನ ಕೈಯಲ್ಲಿ ಲಟ್ಟಣಿಗೆ ಹಾಗೇ ಇತ್ತು. ಸ್ವಲ್ಪ ಮೂಗಿನಲ್ಲಿ ಮಾತಾಡುವ ಒಂದು ಹೆಣ್ಣುದನಿ, ಪೆನ್ಷನ್ ಕಾಗದ ಕೊಡಲು ಬರುವವರು ಆಧಾರ್ ಕಾರ್ಡ್ ಮರೆಯಬಾರದು ಎಂದು ಕನ್ನಡದಲ್ಲಿ ಹೇಳಿ ಸುಮ್ಮನಾಯಿತು. ತಾತ ತಲೆ ಎತ್ತಿ, ದೇವರ ಮನೆಯಿಂದ ಯಾರೋ ಕರೆದ ಹಾಗೆ ಆಚೀಚೆ ನೋಡಿ, ಇನ್ನೊಂದು ಸಲ ಹೇಳಿಸು ಅಂದರು. ನಾಲ್ಕು ಸಲ ಹೇಳಿಸಿದೆ. ಆ ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ನನಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದ ಮೇಷ್ಟ್ರು ಯಾರೂ ಇಲ್ಲ. ಓದುತ್ತಿರುವುದು ಬಿ.ಕಾಂ. ಯೂಟ್ಯೂಬ್ ನೋಡಿ, ಹಾಗೇ ಟೈಪ್ ಮಾಡಿ, ಕೆಂಪಕ್ಷರದಲ್ಲಿ ಬೈಸಿಕೊಂಡು, ಯಾಕೆ ಬೈದಿತು ಎಂದು ಹುಡುಕಿ ಕಲಿತದ್ದು ಅಷ್ಟೂ. ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎಂದರೆ ಚಿಕ್ಕಪ್ಪ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದ್ದರಿಂದ ಚಾರ್ಜರ್ ವಯರು ಎಷ್ಟು ಉದ್ದವೋ ನನ್ನ ಪ್ರಪಂಚವೂ ಅಷ್ಟೇ ಅಗಲ. ಫ್ರಿಜ್ಜಿನ ಪಕ್ಕದ ಪ್ಲಗ್ಗಿನ ಕೆಳಗೆ ಕೂತು ಕಲಿತ ವಿದ್ಯೆ.

ತಾತನ ಎರಡೂ ಕಣ್ಣಿನ ನಡುಭಾಗ ಮಸುಕು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಅದಕ್ಕೇ ಅವರು ಏನನ್ನಾದರೂ ನೋಡಬೇಕೆಂದರೆ ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡುತ್ತಾರೆ. ರಸ್ತೆಯಲ್ಲಿ ಓಡಾಡಲು ಆ ಓರೆನೋಟ ಸಾಕು, ಫೋನಿನ ಅಕ್ಷರಕ್ಕೆ ಸಾಲದು. ಮೆಸೇಜು ಬಂದಾಗೆಲ್ಲ ಅಮ್ಮನನ್ನೋ ನನ್ನನ್ನೋ ಕರೆದು, ಏನಿದೆ ನೋಡಿ ಎನ್ನಬೇಕಿತ್ತು. ನಾವು ಬೇಜಾರು ಮಾಡಿಕೊಂಡವರಲ್ಲ. ಕೇಳುವುದಕ್ಕೆ ಅವರಿಗೇ ಮುಜುಗರ. ಹಾಗಾಗಿ ಫೋನಿನಲ್ಲೇ ಪೈಥಾನ್ ಓಡಿಸುವ ಒಂದು ಆಪ್ ಹಾಕಿ, ವಾಟ್ಸಾಪಿಗೆ ಬರುವ ಮೆಸೇಜನ್ನು ನೋಟಿಫಿಕೇಷನ್ನಿನಿಂದ ಎತ್ತಿಕೊಂಡು ಜೋರಾಗಿ ಓದುವ ಪ್ರೋಗ್ರಾಂ ಬರೆದೆ. ನಲವತ್ತು ಸಾಲು ಇದ್ದಿರಬಹುದು. ಅದರಲ್ಲಿ ಹತ್ತು ಸಾಲು ಯಾಕಿವೆ ಎಂದು ನನಗೂ ಗೊತ್ತಿರಲಿಲ್ಲ.

ಎರಡನೇ ದಿನ ಬೆಳಗ್ಗೆಯೇ ತೊಂದರೆ ಶುರುವಾಯಿತು. ತಾತ ಮೊದಲು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ನಿವೃತ್ತರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಶುಭೋದಯ ಎಂಬ ಒಂದು ಪದದ ಹಿಂದೆ ಹನ್ನೆರಡು ಗುಲಾಬಿ, ಆರು ನಮಸ್ಕಾರ, ನಾಲ್ಕು ಸೂರ್ಯ ಇಲ್ಲದಿದ್ದರೆ ಮರ್ಯಾದೆ ಕಡಿಮೆಯಾದ ಹಾಗೆ. ಫೋನಿನ ಹೆಣ್ಣುದನಿ ಒಂದನ್ನೂ ಬಿಡದೆ, ಅದೂ ಇಂಗ್ಲಿಷಿನಲ್ಲಿ, ರೋಸ್ ರೋಸ್ ರೋಸ್ ಎಂದು ಹನ್ನೆರಡು ಸಲ ಓದಿತು. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬರ ಗುಲಾಬಿ. ತಾತ ತಿಂಡಿ ಮುಗಿಸಿದರೂ ಗುಲಾಬಿ ಮುಗಿಯಲಿಲ್ಲ.

"ಪುಟ್ಟಿ, ಈ ಹೂವಿನಂಗಡಿ ಮುಚ್ಸಮ್ಮ. ಮಾತಿದ್ರೆ ಮಾತ್ರ ಓದ್ಲಿ," ಅಂದರು.

ಮುಚ್ಚಿಸುವುದು ಸುಲಭ ಅಂದುಕೊಂಡೆ. ಇಮೋಜಿಗಳಿಗೂ ಅಕ್ಷರಗಳ ಹಾಗೆ ನಂಬರು ಇರುತ್ತದೆ, ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಬಂದರೆ ಅಳಿಸು ಎಂದು ನಾನೇ ಬರೆದೆ. ಗುಲಾಬಿ ಹೋಯಿತು, ಹೃದಯ ಉಳಿಯಿತು. ಹೃದಯದ ನಂಬರು ಬೇರೆ ಯಾವುದೋ ಕೇರಿಯಲ್ಲಿ ವಾಸ. ಅಪ್ಪ, ಅಮ್ಮ, ಮಗು ಒಟ್ಟಿಗೆ ನಿಂತ ಚಿತ್ರ ನಿಜಕ್ಕೂ ಒಂದು ಚಿತ್ರವೇ ಅಲ್ಲವಂತೆ. ಮೂರು ಚಿತ್ರಗಳನ್ನು ಕಣ್ಣಿಗೆ ಕಾಣದ ದಾರದಲ್ಲಿ ಕಟ್ಟಿರುತ್ತಾರೆ. ನನ್ನ ಪ್ರೋಗ್ರಾಂ ಮೂವರನ್ನೂ ಅಳಿಸಿ ದಾರ ಮಾತ್ರ ಉಳಿಸಿತ್ತು. ದಾರವನ್ನೂ ಅಳಿಸಿದರೆ ಕೆಲವು ಕನ್ನಡ ಒತ್ತಕ್ಷರ ಕೆಟ್ಟವು, ಏಕೆಂದರೆ ಅದೇ ದಾರ ನಮ್ಮ ಬರವಣಿಗೆಯಲ್ಲೂ ಅಲ್ಲಲ್ಲಿ ಬಳಕೆಯಲ್ಲಿದೆ. ಮೂರು ದಿನ ಫ್ರಿಜ್ಜಿನ ಪಕ್ಕದಲ್ಲೇ ಕಳೆದೆ.

ಆಮೇಲೆ ಗೊತ್ತಾಯಿತು, ಇದೇ ಕೆಲಸಕ್ಕೆ ಯಾರೋ ಪುಣ್ಯಾತ್ಮರು ಲೈಬ್ರರಿ ಮಾಡಿಟ್ಟಿದ್ದಾರೆ. ಲೈಬ್ರರಿ ಎಂದರೆ ಬೇರೆಯವರು ಬರೆದು, ತಪ್ಪು ತಿದ್ದಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಇಟ್ಟ ಪ್ರೋಗ್ರಾಮಿನ ಕಟ್ಟು. ಇದರ ಹೆಸರೂ ಇಮೋಜಿ ಎಂದೇ. ಒಂದು ಸಾಲು ಟೈಪ್ ಮಾಡಿದರೆ ಇಳಿಯುತ್ತದೆ. ಮಾತಿನ ನಡುವೆ ಇಮೋಜಿ ಎಲ್ಲಿದೆ ಎಂದು ಹುಡುಕಿಕೊಡುತ್ತದೆ, ಎಷ್ಟಿವೆ ಎಂದು ಎಣಿಸುತ್ತದೆ, ಪ್ರತಿಯೊಂದಕ್ಕೂ ಹೆಸರು ಹೇಳುತ್ತದೆ, ಬೇಡವೆಂದರೆ ತೆಗೆದುಹಾಕುತ್ತದೆ. ದಾರದ ಸಮಾಚಾರವೂ ಅದಕ್ಕೆ ಗೊತ್ತು. ನನ್ನ ಮೂರು ದಿನದ ಕೆಲಸ ಒಂದೇ ಸಾಲಾಯಿತು: ಇಮೋಜಿ ಕಂಡಲ್ಲಿ ಏನೂ ಇಲ್ಲದ್ದನ್ನು ಇಡು. ಅದರ ಕೆಳಗೆ ಜಾಣತನ ಮಾಡಿ ಇನ್ನೊಂದು ಸಾಲು ಸೇರಿಸಿದೆ: ತೆಗೆದ ಮೇಲೆ ಮೆಸೇಜು ಖಾಲಿಯಾದರೆ ಅದನ್ನು ಓದಲೇಬೇಡ.

ಮನೆ ಶಾಂತವಾಯಿತು. ತಾತನ ಫೋನನ್ನು ಯಾರೂ ಎತ್ತಿ ನೋಡುವ ಅಗತ್ಯವೇ ಬೀಳಲಿಲ್ಲ. ಅದೇ ಹೇಳುತ್ತದಲ್ಲ. ನಾನು ಕಾಲೇಜಿನಲ್ಲಿ ಗೆಳತಿಯರಿಗೆಲ್ಲ ಈ ಕಥೆ ಹೇಳಿ, ಇಬ್ಬರಿಗೆ ಆ ಲೈಬ್ರರಿಯನ್ನು ಬಲವಂತವಾಗಿ ಹಾಕಿಸಿದೆ.

ಇಲ್ಲಿ ಇನ್ನೊಬ್ಬರ ವಿಷಯ ಹೇಳಬೇಕು. ತಾತನ ಜೊತೆ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದ ಸ್ನೇಹಿತರೊಬ್ಬರು ನಮ್ಮಿಂದ ಎರಡು ಕ್ರಾಸ್ ಆಚೆ ಇದ್ದರು. ನಮ್ಮ ಮನೆಯಲ್ಲಿ ಅವರಿಗೆ ಪ್ರೆಸ್ ಶಾಪ್ ತಾತ ಎಂದೇ ಹೆಸರು. ಪ್ರೆಸ್ ಶಾಪೆಂದರೆ ದೊಡ್ಡ ಯಂತ್ರಗಳು ದಿನವಿಡೀ ಕಬ್ಬಿಣದ ತಗಡನ್ನು ಗುದ್ದುವ ಜಾಗ. ನಮ್ಮ ತಾತ ಬೇಗ ಸ್ಟೋರ್ಸಿಗೆ ಬದಲಾಗಿ ಕಿವಿ ಉಳಿಸಿಕೊಂಡರು. ಪ್ರೆಸ್ ಶಾಪ್ ತಾತ ಕೊನೆಯವರೆಗೂ ಅಲ್ಲೇ ಇದ್ದು ಕಿವಿ ಕಳೆದುಕೊಂಡರು. ಒಬ್ಬರಿಗೆ ಅಕ್ಷರ ಕಾಣುವುದಿಲ್ಲ, ಇನ್ನೊಬ್ಬರಿಗೆ ಫೋನಿನಲ್ಲಿ ಮಾತು ಕೇಳುವುದಿಲ್ಲ.

ಆ ಗದ್ದಲದಲ್ಲಿ ಬಾಯಿ ಮಾತು ನಡೆಯದೆ ಪ್ರೆಸ್ ಶಾಪಿನವರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಹೆಬ್ಬೆರಳು ಕಿರುಬೆರಳು ಚಾಚಿ ಬಾಯಿಯ ಹತ್ತಿರ ತಂದರೆ ಕಾಫಿ. ಎರಡು ಬೆರಳು ತೋರಿಸಿದರೆ ಬೈಟು, ಅಂದರೆ ಒಂದು ಕಾಫಿ ಇಬ್ಬರಿಗೆ. ಮುಷ್ಟಿ ಎತ್ತಿದರೆ ಫೋರ್‌ಮನ್ ಬರುತ್ತಿದ್ದಾನೆ, ಕೂತಲ್ಲೇ ಕೂರು. ಸ್ಮಾರ್ಟ್‌ಫೋನ್ ಕೈಗೆ ಬಂದಾಗ ಪ್ರೆಸ್ ಶಾಪ್ ತಾತ ಟೈಪ್ ಮಾಡಲು ಕಲಿಯಲಿಲ್ಲ. ಕಲಿಯುವ ಅಗತ್ಯವೇ ಬರಲಿಲ್ಲ. ಅವರ ಭಾಷೆಯ ಕೈಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೂರು ಚಿತ್ರ ಕಳಿಸುತ್ತಿದ್ದರು: ಕಾಫಿಯ ಕೈ, ಬೈಟು ಕೈ, ಒಂದು ಗಡಿಯಾರ. ಗಡಿಯಾರದ ಮುಳ್ಳು ಐದಕ್ಕಿದ್ದರೆ ಐದಕ್ಕೆ ಹೋಟೆಲಿನಲ್ಲಿ. ಸೊಸೆ ಏನಾದರೂ ಕೆಲಸ ಹೇಳಿದ್ದರೆ ಮುಷ್ಟಿ. ನಾವು ಅದನ್ನು ನೋಡಿ ಹೇಳಿದರೆ ತಾತ ಬಾಚಣಿಗೆ ಹುಡುಕುತ್ತಿದ್ದರು.

ಈ ಸನ್ನೆಗೆ ಒಂದು ಕಟ್ಟಳೆಯೂ ಇತ್ತು. ದಿನಕ್ಕೆ ಒಂದೇ ಸಲ. ಎರಡನೇ ಸಲ ಕೈ ಎತ್ತಿದರೆ ಫೋರ್‌ಮನ್ ಕಣ್ಣಿಗೆ ಬೀಳುತ್ತದೆ. ಕರೆಸಿಕೊಂಡವನು ಬರದಿದ್ದರೆ ಅವನಿಗೇನೋ ಅಡ್ಡಿ ಇದೆ ಎಂದು ತಿಳಿಯಬೇಕು, ಯಾಕೆ ಬರಲಿಲ್ಲ ಎಂದು ಕೇಳಬಾರದು. ಕರೆಯದೆ ಮೆಷಿನ್ ಬಿಟ್ಟು ಏಳಲೂಬಾರದು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಇಬ್ಬರೂ ಇದನ್ನು ಮುರಿದವರಲ್ಲ.

ಫೋನಿನ ಹೂವಿನಂಗಡಿ ಮುಚ್ಚಿದ ಮೇಲೆ ಮೊದಲ ವಾರ ತಾತ ಮಧ್ಯಾಹ್ನ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ನಾಲ್ಕೂವರೆಗೆ ಷರ್ಟು ಬದಲಿಸುವರು. ಐದೂವರೆಗೆ ಹಳೇ ಷರ್ಟೇ ಮತ್ತೆ. ಅವನ ಸೊಸೆ ಊರಿಗೆ ಹೋಗಿರಬೇಕು, ಮೊಮ್ಮಗಳನ್ನು ನೋಡಿಕೊಳ್ಳುತ್ತಿರಬೇಕು ಎಂದು ಅವರೇ ಹೇಳಿಕೊಂಡರು. ಎರಡನೇ ವಾರ ಷರ್ಟು ಬದಲಿಸಲಿಲ್ಲ. ಕೇಳಿದ್ದಕ್ಕೆ, ಅವನಿಗೆ ಬೇರೆ ಜೊತೆ ಸಿಕ್ಕಿರಬಹುದು, ಕಣ್ಣು ಕಾಣದೋನನ್ನ ರಸ್ತೆ ದಾಟಿಸೋ ಕೆಲಸ ಯಾರಿಗೆ ಬೇಕು ಅಂದು, ಟಿವಿಯ ಕಡೆ ಮುಖ ಮಾಡಿದರು. ಟಿವಿ ಆಫ್ ಆಗಿತ್ತು.

ನನಗೆ ಆಗಲೂ ಹೊಳೆಯಲಿಲ್ಲ. ನನ್ನ ಪ್ರೋಗ್ರಾಂ ಮೇಲೆ ಅಷ್ಟು ಪ್ರೀತಿ.

ಒಂದು ಗುರುವಾರ ಅಮ್ಮ ಚಟ್ನಿ ಮಾಡಿ, ಇಡ್ಲಿ ಮಾತ್ರ ತೆಗೆದುಕೊಂಡು ಬಾ ಎಂದು ನನ್ನನ್ನು ಹೋಟೆಲಿಗೆ ಕಳಿಸಿದಳು. ಪಾರ್ಸೆಲ್ಲಿಗೆ ಕಾಯುತ್ತಾ ನಿಂತವಳಿಗೆ ಆಚೆಯ ಕಟ್ಟೆಯ ಮೇಲೆ ಪ್ರೆಸ್ ಶಾಪ್ ತಾತ ಕಂಡರು. ಮುಂದೆ ಎರಡು ಲೋಟ. ಒಂದನ್ನು ಕುಡಿದು ಮುಗಿಸಿದ್ದರು. ಇನ್ನೊಂದರ ಮೇಲೆ ಕೆನೆ ಕಟ್ಟಿತ್ತು.

ನನ್ನನ್ನು ನೋಡಿದ ಕೂಡಲೇ ಅವರ ಮುಖ ಅರಳಿ, ಹಾಗೇ ಗಂಭೀರವಾಯಿತು. ಪಕ್ಕದಲ್ಲಿ ಕೂರಿಸಿಕೊಂಡು, ಕಿವಿ ಕೇಳದವರು ಮಾತಾಡುವಷ್ಟು ಜೋರಾಗಿ, ಇಡೀ ಹೋಟೆಲಿಗೆ ಕೇಳುವ ಹಾಗೆ ಕೇಳಿದರು.

"ನಿಮ್ ತಾತಂಗೆ ಹುಷಾರಿಲ್ವೇನಮ್ಮ? ಕೇಳ್ಬಾರ್ದು ಕಣಮ್ಮ ನಾನು, ಅದು ನಮ್ ಪದ್ಧತಿ ಅಲ್ಲ. ಆದ್ರೂ ಕೇಳ್ತಾ ಇದೀನಿ."

ಫೋನು ತೆಗೆದು ತೋರಿಸಿದರು. ದಿನ ತಪ್ಪದೆ ಕೈ, ಕೈ, ಗಡಿಯಾರ. ಕೈ, ಕೈ, ಗಡಿಯಾರ. ಪ್ರತಿಯೊಂದರ ಕೆಳಗೂ ತಲುಪಿದ ಗುರುತು, ಎರಡೆರಡು ಟಿಕ್ಕು. ಕೊನೆಯ ಕೆಲವು ದಿನ ಮೂರರ ಮುಂದೆ ಒಂದು ಲಾರಿಯೂ ಸೇರಿತ್ತು. ಒಂದೇ ಒಂದು ಅಕ್ಷರ ಎಲ್ಲೂ ಇರಲಿಲ್ಲ.

ಆಗ ನಾನು ಬರೆದ ಎರಡು ಸಾಲು ನೆನಪಾದವು. ಇಮೋಜಿ ತೆಗೆ. ಉಳಿದದ್ದು ಖಾಲಿ. ಖಾಲಿಯಾದರೆ ಓದಬೇಡ. ನಾನು ಹೇಳಿದ್ದನ್ನು ಪ್ರೋಗ್ರಾಂ ಒಂದು ದಿನವೂ ತಪ್ಪದೆ ಮಾಡಿತ್ತು.

ಬಾಯಲ್ಲಿ ಹೇಳಿದರೆ ಅವರಿಗೆ ಕೇಳುವುದಿಲ್ಲ. ಪಾರ್ಸೆಲ್ ಕಟ್ಟುವ ಪೇಪರ್ ಇಸ್ಕೊಂಡು ದೊಡ್ಡಕ್ಷರದಲ್ಲಿ ಬರೆದೆ: ತಾತನ ಫೋನಿನಲ್ಲಿ ನಿಮ್ಮ ಸನ್ನೆಗಳನ್ನೆಲ್ಲ ಅಳಿಸುತ್ತಿದ್ದದ್ದು ನಾನು, ತಿಳಿಯದೆ. ಅವರಿಗೆ ಒಂದೂ ತಲುಪಿಲ್ಲ. ಅವರು ಪೇಪರನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿ, ನಿಧಾನವಾಗಿ ಮುಷ್ಟಿ ಎತ್ತಿದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಇಷ್ಟು ದಿನ ನಡುವೆ ನಿಂತಿದ್ದ ಫೋರ್‌ಮನ್ ನಾನೇ ಎಂದು ಅವರು ಹೇಳುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಭುಜ ನಗುವಿನಲ್ಲಿ ಕುಲುಕುತ್ತಿತ್ತು.

ಲಾರಿ ಏನು ಎಂದು ಬರೆದು ಕೇಳಿದೆ. ನಗು ನಿಂತಿತು. ಮಗ ಕೆಂಗೇರಿಯಲ್ಲಿ ಮನೆ ನೋಡಿದ್ದಾನೆ, ಭಾನುವಾರ ಸಾಮಾನು ಸಾಗಿಸುತ್ತಾರೆ, ಹೋಗುವ ಮುಂಚೆ ಒಂದು ದಿನವಾದರೂ ಇವನು ಸಿಕ್ಕರೆ ಹೇಳೋಣ ಅಂತ ಕಾಯುತ್ತಿದ್ದೆ ಅಂದರು. ಉಳಿದದ್ದು ಎರಡೇ ದಿನ.

ನೀವು ಏಳಬೇಡಿ ಎಂದು ಕೈಯಲ್ಲೇ ಹೇಳಿ, ಇಡ್ಲಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ತಾತ ಹಾಲಿನಲ್ಲಿ ಕೂತಿದ್ದರು. ಗುಲಾಬಿಯಿಂದ ಲಾರಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಕತ್ತು ಓರೆ ಮಾಡಿ, ಕಣ್ಣಂಚಿನಲ್ಲಿ ನನ್ನ ಮುಖವನ್ನು ಹಿಡಿದುಕೊಂಡು ಒಂದೇ ಮಾತು ಕೇಳಿದರು.

"ಹಂಗಾದ್ರೆ, ದಿನಾ ಕರೀತಾನೇ ಇದ್ನಾ?"

ದಿನಾ ಎಂದೆ. ಒಂದು ದಿನವೂ ಬಿಟ್ಟಿಲ್ಲ ಎಂದೆ. ತಾತ ಎದ್ದು ಷರ್ಟು ಬದಲಿಸಿದರು, ಗುಂಡಿಗಳೆಲ್ಲ ಒಂದೊಂದು ಕಾಜ ಮೇಲೆ ಕೆಳಗಾದವು. ಸರಿ ಮಾಡಲು ಹೋದರೆ, ಇರಲಿ ಬಿಡು, ಅವನು ಕಾಯ್ತಾ ಇದಾನೆ ಅಂದರು.

ಹೋಟೆಲಿನಲ್ಲಿ ತಾತನನ್ನು ಅವರ ಪಕ್ಕದಲ್ಲಿ ಕೂರಿಸಿದೆ. ತಾತ ಎರಡು ಬೆರಳು ಎತ್ತಿದರು. ಪ್ರೆಸ್ ಶಾಪ್ ತಾತ ಕೌಂಟರಿಗೆ ಹೋಗಿ, ಬೈಟು ಅಲ್ಲದೆ, ಎರಡು ಪೂರ್ತಿ ಕಾಫಿ ತಂದರು. ದುಂದು ಮಾಡ್ತಾನೆ ನೋಡು ಎಂದು ತಾತ ನನಗೆ ಹೇಳಿದರು, ಆದರೆ ಲೋಟದ ತಳ ಕಾಣುವವರೆಗೂ ಬಿಡಲಿಲ್ಲ.

ಮರುದಿನ ಅದೇ ಕಟ್ಟೆಯ ಮೇಲೆ, ತಾತನ ಫೋನಿನಲ್ಲೇ, ನನ್ನ ಪ್ರೋಗ್ರಾಮಿನ ರಿಪೇರಿ. ಆ ಲೈಬ್ರರಿಗೆ ಇಮೋಜಿಯ ಹೆಸರನ್ನು ಎಷ್ಟೋ ಭಾಷೆಯಲ್ಲಿ ಹೇಳಲು ಬರುತ್ತದೆ, ನಾನು ಇಳಿಸಿಕೊಂಡದ್ದರಲ್ಲಿ ಕನ್ನಡ ಇರಲಿಲ್ಲ. ಹುಡುಕಿದರೆ ಬೇರೆ ಕಡೆ ಕನ್ನಡ ಹೆಸರಿನ ಪಟ್ಟಿಯೂ ಸಿಗುತ್ತದೆ. ಆದರೆ ಯಾವ ಪಟ್ಟಿಯಲ್ಲೂ ಪ್ರೆಸ್ ಶಾಪ್ ಇಲ್ಲ. ಕಾಫಿಯ ಕೈಯನ್ನು ಲೈಬ್ರರಿ ಫೋನು ಮಾಡು ಎನ್ನುವ ಕೈ ಎಂದು ತಿಳಿದಿತ್ತು. ಕಿವಿ ಕೇಳದವರು ಯಾಕೆ ಫೋನು ಮಾಡು ಅನ್ನುತ್ತಾರೆ, ಪಾಪ ಅದಕ್ಕೇನು ಗೊತ್ತು. ಒಳ್ಳೆಯದೆಂದರೆ, ಇಮೋಜಿ ಸಿಕ್ಕಲ್ಲಿ ಏನು ಇಡಬೇಕೆಂದು ನಮ್ಮದೇ ಪಟ್ಟಿ ನೋಡಿ ಹೇಳುವ ಅವಕಾಶವನ್ನು ಅದು ಕೊಡುತ್ತದೆ. ಹುಡುಕುವ ಕೆಲಸ ಅದರದ್ದು, ಅರ್ಥ ಹೇಳುವುದು ನಮ್ಮದು.

ಪ್ರೆಸ್ ಶಾಪ್ ತಾತ ಒಂದೊಂದೇ ಸನ್ನೆ ಮಾಡಿದರು, ನಮ್ಮ ತಾತ ಕತ್ತು ಓರೆ ಮಾಡಿ ನೋಡಿ ಅರ್ಥ ಹೇಳಿದರು, ನಾನು ಟೈಪ್ ಮಾಡಿದೆ. ಇಪ್ಪತ್ತಮೂರು ಸನ್ನೆ ಸಿಕ್ಕಿದವು. ನಾಲ್ಕನ್ನು, ಅದು ಹೆಣ್ಣುಮಕ್ಕಳು ಬರೆಯುವುದಲ್ಲ ಎಂದು ಇಬ್ಬರೂ ಕೂಡಿ ಮುಚ್ಚಿಟ್ಟರು. ಗಡಿಯಾರ, ಗಾಡಿಗಳ ಹೆಸರನ್ನು ಮಾತ್ರ ಬೇರೆ ಕಡೆ ಸಿಕ್ಕ ಕನ್ನಡ ಪಟ್ಟಿಯಿಂದಲೇ ತಂದು ಬೇರೆಯಾಗಿ ಇಟ್ಟೆ. ಈ ಸಲ ಖಾಲಿ ಬಿಡುವ ಜಾಣತನ ಮಾಡಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ "ಗೊತ್ತಿಲ್ಲದ ಸನ್ನೆ ಒಂದಿದೆ" ಎಂದು ಹೇಳು ಎಂದು ಬರೆದೆ. ಗುಲಾಬಿಗೆ ಮಾತ್ರ ಎಣಿಸಿ ಒಂದೇ ಸಲ ಹೇಳುವ ಅಪ್ಪಣೆ.

ಪರೀಕ್ಷೆ ಮಾಡಿದರೆ ಫೋನಿನ ಹೆಣ್ಣುದನಿ ಕಾಫಿಗೂ ಬೈಟಿಗೂ ಗೊತ್ತಿಲ್ಲದ ಸನ್ನೆ ಅಂದುಬಿಟ್ಟಿತು. ನೋಡಿದರೆ ನಾನು ಪಟ್ಟಿಯಲ್ಲಿ ಹಾಕಿದ್ದು ಹಳದಿ ಕೈ. ಅವರು ಕಳಿಸಿದ್ದು ಕಂದು ಕೈ. ಮೊಮ್ಮಗಳು ಬಣ್ಣ ಆರಿಸಿಕೊಟ್ಟಿದ್ದಳಂತೆ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಪ್ರೆಸ್ ಶಾಪ್ ತಾತ ತಮ್ಮ ಕೈಯನ್ನು ಫೋನಿನ ಪಕ್ಕಕ್ಕೆ ಹಿಡಿದು, ನನ್ನ ಕೈ ಎಲ್ಲಾದರೂ ಹಳದಿ ಇದೆಯಾ ಎಂದು ಕೇಳಿದರು. ಇಲ್ಲ ಎಂದು ಒಪ್ಪಿಕೊಂಡು, ಬಣ್ಣ ಯಾವುದಾದರೂ ಕೈ ಕೈಯೇ ಎಂದು ತಿದ್ದಿದೆ.

ಭಾನುವಾರ ಲಾರಿ ಬಂದು ಹೋಯಿತು. ತಾತ ಬೀದಿ ತುದಿಯವರೆಗೆ ಹೋಗಿ ಬಂದು, ಊಟ ಸರಿಯಾಗಿ ಮಾಡಲಿಲ್ಲ. ಸೋಮವಾರ ಹನ್ನೆರಡಾಯಿತು, ಫೋನು ಸುಮ್ಮನಿತ್ತು. ಹನ್ನೆರಡೂವರೆಗೆ ನಾನು ಪ್ರೋಗ್ರಾಂ ಓಡುತ್ತಿದೆಯೇ ಎಂದು ಮೂರನೇ ಸಲ ನೋಡಿದೆ. ಓಡುತ್ತಿತ್ತು. ಒಂದಕ್ಕೆ ಐದು ನಿಮಿಷ ಇರುವಾಗ ಮೂಗಿನ ದನಿ ಬಂತು.

"ಪ್ರೆಸ್ ಶಾಪ್. ಮೆಟ್ರೊ. ಕಾಫಿ. ಬೈಟು. ನಾಲ್ಕು ಗಂಟೆ. ಗೊತ್ತಿಲ್ಲದ ಸನ್ನೆ ಒಂದಿದೆ."

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರೆ ಕೆಂಗೇರಿವರೆಗೆ ಗಾಡಿ ಬದಲಿಸುವ ಕೆಲಸವೇ ಇಲ್ಲ. ಇದು ನಮ್ಮಲ್ಲಿ ಯಾರಿಗೂ ಮೊದಲೇ ಹೊಳೆದಿರಲಿಲ್ಲ. ಆ ಕೊನೆಯ ಸನ್ನೆ ಏನೆಂದು ನೋಡಲು ನಾನು ಫೋನಿಗೆ ಕೈ ಹಾಕಿದೆ. ತಾತ ಫೋನನ್ನು ಹಿಂದಕ್ಕೆ ಎಳೆದುಕೊಂಡರು.

"ನೋಡ್ಬೇಡ. ಹೋಗಿ ಕೇಳ್ಕೊಂಡು ಬರ್ತೀನಿ."

ಒಬ್ಬರೇ ಹೇಗೆ ಹೋಗುತ್ತೀರಿ ಎಂದು ಅಮ್ಮ ಕೇಳಿದಳು. ಮೆಟ್ರೊದಲ್ಲಿ ಪ್ರತಿ ನಿಲ್ದಾಣದ ಹೆಸರು ಕೂಗಿ ಹೇಳುತ್ತಾರೆ, ನನಗೆ ಕಿವಿ ಇದೆ, ಇಳಿದ ಮೇಲೆ ಅವನಿಗೆ ಕಣ್ಣಿದೆ ಅಂದರು. ನಾನು ಅತ್ತಿಗುಪ್ಪೆ ಪ್ಲಾಟ್‌ಫಾರ್ಮಿನವರೆಗೆ ಜೊತೆ ಹೋಗಿ ಹತ್ತಿಸಿ ಬಂದೆ. ಆ ಕಡೆ ಪ್ರೆಸ್ ಶಾಪ್ ತಾತ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರಂತೆ.

ಏಳು ಗಂಟೆಗೆ ತಾತ ವಾಪಸ್ಸು ಬಂದರು. ಮೀಸೆಯ ಹತ್ತಿರ ಚಟ್ನಿ ಅಂಟಿತ್ತು. ಚಪ್ಪಲಿ ಬಿಡುತ್ತಲೇ ನನ್ನನ್ನು ಕರೆದು ಬರ್ಕೋ ಅಂದರು. ಕೆಂಗೇರಿಯ ಆ ಹೋಟೆಲಿನಲ್ಲಿ ಉದ್ದಿನ ವಡೆ ಬಹಳ ಚೆನ್ನಾಗಿದೆಯಂತೆ. ಫೋನಿನಲ್ಲಿ ವಡೆ ಎಲ್ಲೂ ಸಿಗದೆ, ನಡುವೆ ತೂತಿರುವ ಯಾವುದೋ ಇಂಗ್ಲಿಷ್ ತಿಂಡಿಯ ಚಿತ್ರ ಕಳಿಸಿದ್ದರಂತೆ. ಲೈಬ್ರರಿ ಅದನ್ನು ಡೋನಟ್ ಎನ್ನುತ್ತದೆ. ಸನ್ನೆಗಳ ಪಟ್ಟಿಯಲ್ಲಿ ಇಪ್ಪತ್ತನೇ ಸಾಲಾಗಿ ವಡೆ ಎಂದು ಬರೆದುಕೊಂಡೆ.